ಮಗು ಹಲ್ಲಿನ ಕ್ಲಿಪ್‌ಗೆ ಸಹಕರಿಸ್ತಿಲ್ವಾ? ಮೊದಲ ಭೇಟಿಯಿಂದ ರಿಟೇನರ್‌ವರೆಗೂ ಮನೆಯವರು ಏನೇನು ಮಾಡ್ಬಹುದು

"ಮಾತೇ ಕೇಳಲ್ಲ ಡಾಕ್ಟ್ರೇ, ನೀವಾದ್ರೂ ಸ್ವಲ್ಪ ಬೈದು ಹೇಳಿ." ಹಲ್ಲಿಗೆ ಕ್ಲಿಪ್ ಹಾಕೋದೇ ನನ್ನ ಕೆಲಸ, ಈ ಮಾತು ಕೇಳದ ವಾರ ಅಂತ ಇಲ್ಲ. ಅಮ್ಮ ಹೀಗೆ ಹೇಳ್ತಿರ್ತಾರೆ, ಪಕ್ಕದ ಕುರ್ಚಿಲಿ ಹನ್ನೆರಡು ಹದಿಮೂರು ವರ್ಷದ ಮಗು ನೆಲ ನೋಡ್ತಾ ಕೂತಿರತ್ತೆ.

ಒಂದು ಲೆಕ್ಕ ಹೇಳ್ತೀನಿ. ಕ್ಲಿಪ್ ಟ್ರೀಟ್‌ಮೆಂಟ್ ಸಾಮಾನ್ಯವಾಗಿ ಒಂದೂವರೆಯಿಂದ 2 ವರ್ಷ. 4ರಿಂದ 6 ವಾರಕ್ಕೊಂದು ಸಲ ಬಂದ್ರೆ ಹೆಚ್ಚು ಕಮ್ಮಿ 20, 24 ಸಲ ಬರ್ತೀರಿ, ಸಲಕ್ಕೆ 20 ನಿಮಿಷ ಅಂತ ಇಟ್ಕೊಂಡ್ರೂ ಒಟ್ಟು 8 ಗಂಟೆ. ಎರಡು ವರ್ಷದಲ್ಲಿ ಆ ಬಾಯಿ ನನ್ನ ಕೈಲಿರೋದು 8 ಗಂಟೆ, ಮಿಕ್ಕಿದ್ದೆಲ್ಲಾ ಮಗು ಕೈಲಿ. ಮೇಲಿನ ಕೆಳಗಿನ ಕ್ಲಿಪ್‌ಗೆ ಸಿಕ್ಕಿಸೋ ರಬ್ಬರ್ ಬ್ಯಾಂಡ್ ಹಾಕೋದು, ಪ್ಲೇಟ್ (ಬಾಯಿಗೆ ತೆಗೆದು ಹಾಕೋ ಸಾಧನ) ಹಾಕೋದು, ಸರಿಯಾಗಿ ಉಜ್ಜೋದು, ಗಟ್ಟಿ ತಿನ್ನದೇ ಇರೋದು ಇದ್ಯಾವುದನ್ನೂ ನಾನು ಮಾಡಕ್ಕಾಗಲ್ಲ, ನೀವೂ ಮಾಡಕ್ಕಾಗಲ್ಲ.

ಕೆಲಸ ಶುರು ಮಾಡಿದ ಹೊಸದ್ರಲ್ಲಿ ನಾನೂ ಬೈತಿದ್ದೆ. ಎಂಟನೇ ಕ್ಲಾಸ್ ಹುಡುಗ ಒಬ್ಬ, ಪ್ಲೇಟ್ ಹಾಕ್ತಾನೇ ಇರ್ಲಿಲ್ಲ, ಅವನಮ್ಮನ ಮುಂದೇನೇ "ನಿಂಗೇ ಬೇಡ ಅಂದ್ಮೇಲೆ ನಮ್ಮ ಟೈಮ್ ಯಾಕಪ್ಪಾ ಹಾಳು ಮಾಡ್ತೀಯ" ಅಂದ್ಬಿಟ್ಟೆ. ಮುಂದಿನ ತಿಂಗಳು ಅವನು ಬರ್ಲಿಲ್ಲ, ಅದರ ಮುಂದಿನ ತಿಂಗಳೂ ಇಲ್ಲ. ಸುಮಾರು ಎರಡು ವರ್ಷ ಆದ್ಮೇಲೆ ಅವನ ತಂಗೀನ ಕರ್ಕೊಂಡು ಬಂದ ಆ ತಾಯಿ ಹೇಳಿದ್ರು, ಸ್ಕೂಲಲ್ಲಿ ಪ್ಲೇಟ್ ಹಾಕ್ಕೊಂಡು ಓದಿದಾಗ ಇಡೀ ಕ್ಲಾಸ್ ಅವನ ಥರಾನೇ ತೊದಲಿ ಅಣಕಿಸ್ತಂತೆ, ಅದನ್ನ ನನ್ಹತ್ರ ಹೇಳ್ಬೇಕು ಅಂತಾನೇ ಆವತ್ತು ಬಂದಿದ್ನಂತೆ. ನಾನು ಕೇಳ್ಲೇ ಇಲ್ಲ. ಬೆಳವಣಿಗೆಯ ವಯಸ್ಸು ಅಷ್ಟೊತ್ತಿಗೆ ದಾಟಿ ಹೋಗಿತ್ತು, ಆ ಪ್ಲೇಟ್‌ನಿಂದ ಆಗ್ಬೇಕಿದ್ದ ಕೆಲಸ ಮತ್ತೆ ಮಾಡೋ ಹಾಗಿರ್ಲಿಲ್ಲ. ಇವತ್ತಿಗೂ ಅದು ನನ್ನ ಮನಸ್ಸಲ್ಲಿದೆ, ಈ ಬರಹಕ್ಕೆ ಕಾರಣಾನೂ ಅದೇ.

ಹೆಜ್ಜೆ 1: ಇದು ಯಾರಿಗೆ ಬೇಕಾಗಿದೆ ಅಂತ ಮೊದಲು ಕಂಡ್ಕೊಳ್ಳಿ

ಎಲ್ಲಕ್ಕಿಂತ ದೊಡ್ಡ ವಿಷಯ ಇದು, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ. ಹಲ್ಲು ಸರಿ ಮಾಡಿಸ್ಕೋಬೇಕು ಅನ್ನೋ ಆಸೆ ಮಗೂದಾ, ನಿಮ್ದಾ? ಎಷ್ಟೋ ಮನೇಲಿ ಅದು ಅಮ್ಮನ ಆಸೆ, ಹೆಣ್ಣುಮಗು ಆದ್ರಂತೂ "ನಾಳೆ ಗಂಡು ನೋಡೋ ಹೊತ್ತಿಗೆ" ಅನ್ನೋ ಮಾತು ಹನ್ನೊಂದು ವರ್ಷದ ಮಗು ಎದುರಿಗೇ ಬಂದ್ಬಿಡತ್ತೆ. ದಯವಿಟ್ಟು ಈ ಮಾತು ಆಡ್ಬೇಡಿ. ಆ ಮಗೂಗೆ ಅದರಿಂದ ಗೊತ್ತಾಗೋದು ಒಂದೇ, ತನ್ನ ಮುಖ ಸರಿಯಿಲ್ಲ ಅಂತ.

ಬ್ರಿಟನ್‌ನಲ್ಲಿ 1989ರಲ್ಲಿ ಪ್ರಕಟವಾದ ಒಂದು ಅಳತೆಗೋಲು ಇದೆ, ಅದರಲ್ಲಿ ಸುಂದರವಾದ ಹಲ್ಲಿಂದ ಹಿಡಿದು ತುಂಬಾ ವಕ್ರವಾದ ಹಲ್ಲಿನವರೆಗೂ ಸಾಲಾಗಿ 10 ಫೋಟೋ ಇರ್ತವೆ. ನಾನು ಅದನ್ನ ಮಗು ಕೈಗೆ ಕೊಟ್ಟು "ನಿನ್ನ ಹಲ್ಲು ಇದರಲ್ಲಿ ಯಾವುದರ ಥರ ಅನ್ಸತ್ತೆ" ಅಂತ ಕೇಳ್ತೀನಿ, ಆಮೇಲೆ ಅಪ್ಪ ಅಮ್ಮನ್ನ ಬೇರೆಯಾಗಿ ಕೇಳ್ತೀನಿ. ಮಗು ಮೂರನೇ ಫೋಟೋ ತೋರ್ಸಿ ಅಮ್ಮ ಎಂಟನೇದು ತೋರ್ಸಿದ್ರೆ ಮುಂದೆ ಕಷ್ಟ ಇದೆ ಅಂತ ಅಲ್ಲೇ ಅರ್ಥ ಆಗತ್ತೆ. ತನಗೆ ತೊಂದರೆ ಇದೆ ಅಂತಾನೇ ಅನ್ನಿಸದ ಮಗು ಎರಡು ವರ್ಷ ಯಾಕೆ ಕಷ್ಟ ಪಡತ್ತೆ ಹೇಳಿ.

ಮನೇಲಿ ಮಾಡೋದಾದ್ರೆ ಹೀಗೆ ಮಾಡಿ. ಗಾಡೀಲಿ ಹೋಗ್ತಾನೋ ರಾತ್ರಿ ಮಲಗೋ ಮುಂಚೇನೋ, ಅಂದ್ರೆ ಮುಖಕ್ಕೆ ಮುಖ ಕೊಟ್ಟು ಕೂರದ ಹೊತ್ತಲ್ಲಿ, "ನಿನ್ನ ಹಲ್ಲಿನ ಬಗ್ಗೆ ನಿಂಗೇನನ್ಸತ್ತೆ ಕಂದಾ" ಅಂತ ಕೇಳಿ ಸುಮ್ನಿದ್ಬಿಡಿ. ಉತ್ತರ ಬರಕ್ಕೆ ಟೈಮ್ ಹಿಡಿಯತ್ತೆ. ಫೋಟೋ ತೆಗೆಯೋವಾಗ ಬಾಯಿ ಮುಚ್ಕೋತಾಳಾ, ನಗುವಾಗ ಕೈ ಅಡ್ಡ ಇಡ್ತಾನಾ ಅಂತಾನೂ ಗಮನಿಸಿ. ಸ್ಕೂಲಲ್ಲಿ ಅಡ್ಡಹೆಸರು ಇದೆಯಾ ಅಂತ ಮೆತ್ತಗೆ ಕೇಳಿ, ಜೋರ್ಡಾನ್‌ನಲ್ಲಿ ಶಾಲಾ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ ರೂಪದ ಬಗ್ಗೆ ಅಣಕಿಸೋವಾಗ ಎಲ್ಲಕ್ಕಿಂತ ಮುಂದೆ ಬಂದಿದ್ದು ಹಲ್ಲೇ, ನಮ್ಮ ಶಾಲೆಗಳಲ್ಲೂ "ಉಬ್ಬಲ್ಲಿ" ಅನ್ನೋ ಹೆಸರು ಕೇಳದೋರು ಯಾರಿದ್ದಾರೆ. ಹಲ್ಲಿಗೆ ಅಣಕಿಸಿದ್ರು ಅಂತ ಕ್ಲಿಪ್ ಬೇಕು ಅನ್ನೋ ಮಗೂಗೇನೇ ಕ್ಲಿಪ್ ಹಾಕ್ಸಿದ್ರೆ ಇನ್ನೂ ಅಣಕಿಸ್ತಾರೆ ಅನ್ನೋ ಭಯಾನೂ ಇರತ್ತೆ. ಎರಡೂ ಒಟ್ಟಿಗೇ ಇರತ್ತೆ, ಎರಡರ ಬಗ್ಗೆನೂ ಮಾತಾಡಿ.

ಮಗು ಬೇಡ ಅಂದ್ರೆ? ಕಾಯಬಹುದಾದ್ದು ಕಾಯಲಿ. ಹನ್ನೆರಡು ವರ್ಷದ ಮಗೂಗೆ ಮುಂದಿನ ಹಲ್ಲು ಸ್ವಲ್ಪ ಒಂದರ ಮೇಲೊಂದು ಇದ್ರೆ ಆರು ತಿಂಗಳೋ ವರ್ಷಾನೋ ಕಾದ್ರೆ ಏನೂ ಮುಳುಗಲ್ಲ. ಆದ್ರೆ ಎಲ್ಲಾನೂ ಹಾಗಲ್ಲ, ಮೇಲಿನ ಹಲ್ಲು 3 ಮಿಲಿಮೀಟರ್‌ಗಿಂತ ಜಾಸ್ತಿ ಮುಂದೆ ಬಂದಿದ್ರೆ ಬಿದ್ದಾಗ ಆ ಹಲ್ಲಿಗೆ ಪೆಟ್ಟಾಗೋ ಸಾಧ್ಯತೆ ಸುಮಾರು ಎರಡು ಪಟ್ಟು, ಕೆಳದವಡೆ ಹಿಂದಿದ್ರೆ ಅದನ್ನ ಬೆಳೆಯೋ ವಯಸ್ಸಲ್ಲೇ ನೋಡ್ಬೇಕು, ಕೋರೆಹಲ್ಲು ಮೂಳೆ ಒಳಗೇ ಸಿಕ್ಕಾಕ್ಕೊಂಡಿದ್ರೂ ತಡ ಮಾಡ್ಬಾರ್ದು. ಇದು ಯಾವ ಗುಂಪಿಗೆ ಸೇರತ್ತೆ ಅಂತ ಡಾಕ್ಟರನ್ನ ನೇರವಾಗೇ ಕೇಳಿ, "ಈಗಲೇ ಆಗ್ಬೇಕಾ, ಕಾದ್ರೆ ಏನಾಗತ್ತೆ" ಅಂತ.

ಹೆಜ್ಜೆ 2: ವಯಸ್ಸು, ಪರೀಕ್ಷೆ ಎಲ್ಲಾ ನೋಡಿ ಟೈಮ್ ಆರಿಸಿ

ಮೊದಲ ಸಲ ತೋರಿಸ್ಬೇಕಾದ್ದು 7 ವರ್ಷದ ಹೊತ್ತಿಗೆ, ಹಾಗಂದ್ರೆ ಆಗಲೇ ಕ್ಲಿಪ್ ಅಂತಲ್ಲ, ಬರೀ ನೋಡಿಸೋದು. ಒಂಬತ್ತು ಹತ್ತು ವರ್ಷದ ಮಕ್ಕಳು ತೆಗೆದು ಹಾಕೋ ಪ್ಲೇಟ್ ವಿಷಯದಲ್ಲಿ ಅಪ್ಪ ಅಮ್ಮನ ಮಾತು ಕೇಳ್ತಾರೆ, ಟೀಚರ್ ಸ್ಟಾರ್ ಕೊಟ್ಟಷ್ಟು ಖುಷಿ ಅವರಿಗೆ. ಹದಿಮೂರು ಹದಿನಾಲ್ಕಕ್ಕೆ ಬಂದ್ರೆ ಕಥೆನೇ ಬೇರೆ, ನೀವು ಹೇಳಿದ್ದಕ್ಕಿಂತ ಪಕ್ಕದ ಬೆಂಚಿನ ಫ್ರೆಂಡ್ ಹೇಳಿದ್ದು ದೊಡ್ಡದು. ಇದು ಹಠ ಅಲ್ಲ, ಆ ವಯಸ್ಸಿನ ಕೆಲಸಾನೇ ಅದು, ತನ್ನ ವಿಷಯ ತಾನೇ ತೀರ್ಮಾನ ಮಾಡೋದು ಕಲೀತಿರ್ತಾರೆ.

ತೊಂದ್ರೆ ಏನಂದ್ರೆ ದವಡೆ ಬೆಳವಣಿಗೆ ಜೋರಾಗಿ ಆಗೋದೂ ಅದೇ ಹೊತ್ತಲ್ಲಿ, ಹೆಣ್ಮಕ್ಕಳಿಗೆ ಗಂಡುಮಕ್ಕಳಿಗಿಂತ ಸುಮಾರು ಎರಡು ವರ್ಷ ಮುಂಚೆ. ಹಾಗಾಗಿ ದವಡೆಯ ಪ್ಲೇಟ್‌ಗಳನ್ನ ಮುಂದೂಡಕ್ಕಾಗಲ್ಲ, ಬರೀ ಹಲ್ಲು ಜೋಡಿಸೋ ಕ್ಲಿಪ್ ಆದ್ರೆ ಟೈಮ್ ಆರಿಸ್ಕೋಬಹುದು. ಎಸ್‌ಎಸ್‌ಎಲ್‌ಸಿ ಪ್ರಿಪರೇಟರಿ ಹತ್ರ ಇರೋವಾಗ ಶುರು ಮಾಡ್ಬೇಡಿ. ಒಂಬತ್ತನೇ ಕ್ಲಾಸ್ ಬೇಸಿಗೆ ರಜೆ ಶುರುವಿನಲ್ಲಿ ಹಾಕ್ಸಿದ್ರೆ ಮೊದಲ ಒಂದೂವರೆ ತಿಂಗಳು ಮನೇಲೇ ಕಳೆಯತ್ತೆ, ಸ್ಕೂಲ್ ಬಾಗಿಲು ತೆಗೆಯೋ ಹೊತ್ತಿಗೆ ಮಾತು, ಊಟ ಎಲ್ಲಾ ಅಭ್ಯಾಸ ಆಗಿರತ್ತೆ. ಮನೇಲಿ ಸಾವು, ಜಗಳ, ಊರು ಬದಲಾವಣೆ ಏನಾದ್ರೂ ನಡೀತಿದ್ರೆ ಡಾಕ್ಟರ್‌ಗೆ ಹೇಳಿ, ಮುಚ್ಚಿಡ್ಬೇಡಿ.

ಹೆಜ್ಜೆ 3: ಮೊದಲ ಭೇಟಿಗೆ ಮುಂಚೆ ಸುಳ್ಳು ಹೇಳ್ಬೇಡಿ

"ಏನೂ ನೋವಾಗಲ್ಲ ಪುಟ್ಟಾ" ಅಂತ ಕರ್ಕೊಂಡು ಬರ್ತಾರೆ. ನೋವು ಆಗತ್ತೆ. ಆದ ಮೊದಲ ರಾತ್ರಿಯಿಂದ ಆ ಮಗು ನಿಮ್ಮನ್ನೂ ನಂಬಲ್ಲ, ನನ್ನನ್ನೂ ನಂಬಲ್ಲ. ಅದರ ಬದಲು ಇದ್ದದ್ದು ಇದ್ದಹಾಗೆ ಹೇಳಿ: ಹಾಕೋವಾಗ ನೋವಿಲ್ಲ, ಕೆಲವು ಗಂಟೆ ಆದ್ಮೇಲೆ ಒತ್ತಿದ ಹಾಗೆ ಶುರುವಾಗತ್ತೆ, ಮಾರನೇ ದಿನ ಜಾಸ್ತಿ, ಆಮೇಲೆ ದಿನಾ ಕಮ್ಮಿ ಆಗ್ತಾ ವಾರದೊಳಗೆ ಹೋಗತ್ತೆ. ಯಾವಾಗ ಮುಗಿಯತ್ತೆ ಅಂತ ಗೊತ್ತಿರೋ ನೋವನ್ನ ಮಕ್ಕಳು ತಡ್ಕೋತಾರೆ, ಎಷ್ಟು ದಿನ ಅಂತ ಗೊತ್ತಿಲ್ಲದ ನೋವಿಗೆ ಹೆದರ್ತಾರೆ.

ಹಲ್ಲು ಕೀಳಿಸ್ಬೇಕು ಅಂತಿದ್ರೆ ಅದನ್ನೂ ಮುಂಚೆನೇ ಹೇಳಿ. "ಸುಮ್ನೆ ಚೆಕಪ್" ಅಂತ ಕರ್ಕೊಂಡು ಬಂದು ಕುರ್ಚಿ ಮೇಲೆ ಕೂರಿಸಿ ಇಂಜೆಕ್ಷನ್ ತೋರಿಸಿದ್ರೆ ಆ ಮಗು ಇನ್ನು ಕ್ಲಿನಿಕ್ ಮೆಟ್ಟಿಲು ಹತ್ತೋವಾಗೆಲ್ಲಾ ಹೊಟ್ಟೆ ತೊಳಸ್ಕೊಂಡೇ ಬರತ್ತೆ. ನಿಮ್ಮ ಹಳೇ ಕಥೆಗಳನ್ನೂ ಬದಿಗಿಡಿ, ತಾತನ ದವಡೆ ಹಲ್ಲು ಇಕ್ಕಳದಲ್ಲಿ ಕಿತ್ತಿದ್ದು, ಚಿಕ್ಕಪ್ಪಂಗೆ ರಕ್ತ ನಿಲ್ದೇ ಹೋಗಿದ್ದು, ಇವೆಲ್ಲಾ ಆ ವಾರ ಬೇಡ.

ಮಕ್ಕಳ ದಂತವೈದ್ಯರಲ್ಲಿ 1959ರಿಂದ ಬಳಕೆಲಿರೋ ಒಂದು ಸರಳ ಕ್ರಮ ಇದೆ: ಮೊದಲು ಹೇಳು, ಆಮೇಲೆ ತೋರ್ಸು, ಆಮೇಲೆ ಮಾಡು. ನೀವು ಹೋಗೋ ಕಡೆ ಹೀಗೆ ಮಾಡ್ದೇ ಇದ್ರೆ ಕೇಳಿ ಮಾಡಿಸ್ಕೊಳ್ಳಿ, ಸಂಕೋಚ ಬೇಡ. ಎಡಗೈ ಎತ್ತಿದ್ರೆ ಡಾಕ್ಟರ್ ನಿಲ್ಲಿಸ್ಬೇಕು ಅಂತ ಮೊದಲೇ ಒಪ್ಪಂದ ಮಾಡ್ಕೊಳ್ಳಿ. ಬಹಳ ಮಕ್ಕಳು ಕೈ ಎತ್ತೋದೇ ಇಲ್ಲ, ನಿಲ್ಲಿಸೋ ಅಧಿಕಾರ ತನ್ನ ಹತ್ರ ಇದೆ ಅನ್ನೋದೇ ಸಾಕಾಗತ್ತೆ. ಹಲ್ಲಿನ ಅಚ್ಚು ತೆಗೆಯಕ್ಕೆ ಅಳತೆ ತಗೊಳ್ಳೋವಾಗ ವಾಂತಿ ಬಂದ ಹಾಗಾಗೋ ಮಕ್ಕಳಿಗೆ ತಲೆ ಸ್ವಲ್ಪ ಮುಂದೆ ಬಗ್ಗಿಸಿ, ಮೂಗಲ್ಲಿ ಉಸಿರಾಡ್ತಾ ಕಾಲ್ಬೆರಳು ಆಡಿಸ್ತಾ ಇರಕ್ಕೆ ಹೇಳಿ, ಮನೇಲಿ ಎರಡು ಸಲ ಆಟದ ಥರ ಅಭ್ಯಾಸ ಮಾಡ್ಸಿ ಬನ್ನಿ.

ಹೆಜ್ಜೆ 4: ಮೊದಲ ವಾರ ಜೊತೆಗಿರಿ

ಮುಂದಿನ ಎರಡು ವರ್ಷ ಹೇಗಿರತ್ತೆ ಅನ್ನೋದು ಅರ್ಧಕ್ಕರ್ಧ ಈ ವಾರದಲ್ಲೇ ತೀರ್ಮಾನ ಆಗತ್ತೆ ಅನ್ನೋದು ನನ್ನ ಅನುಭವ. ಅಪಾಯಿಂಟ್‌ಮೆಂಟ್ ಶನಿವಾರ ಮಧ್ಯಾಹ್ನಕ್ಕೆ ತಗೊಳ್ಳಿ, ನೋವು ಜಾಸ್ತಿ ಇರೋ ಭಾನುವಾರ ಮನೇಲೇ ಕಳೆಯತ್ತೆ. ಮೊಸರನ್ನ, ರವೆ ಗಂಜಿ, ರಾಗಿ ಅಂಬಲಿ, ಸಾರಲ್ಲಿ ನೆನೆಸಿದ ಇಡ್ಲಿ, ಇವೆಲ್ಲಾ ಸರಿ, ಆದ್ರೆ ಎಲ್ಲಕ್ಕಿಂತ ಒಳ್ಳೇದು ಮುದ್ದೆ, ಮುದ್ದೆನ ಅಗಿಯೋ ಹಾಗೇ ಇಲ್ವಲ್ಲ, ನುಂಗೋದು ತಾನೇ. ಮುದ್ದೆ ಗೊತ್ತಿಲ್ಲದ ಮನೆಯವರೂ ಆ ವಾರ ಕಲ್ತಿದ್ದಾರೆ. ನೋವಿನ ಮಾತ್ರೆ ಯಾವುದು, ಎಷ್ಟು ಅಂತ ಹೊರಡೋ ಮುಂಚೆನೇ ಡಾಕ್ಟರ್ ಹತ್ರ ಬರೆಸ್ಕೊಂಡು ಬನ್ನಿ.

ಒಂದು ವಿಷಯ ನನಗೆ ತುಂಬಾ ಇಷ್ಟ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ, ಕ್ಲಿಪ್ ಹಾಕ್ಸಿಕೊಂಡ ದಿನಾನೇ ಕೆಲವರಿಗೆ ಫೋನ್ ಮಾಡಿ ವಿವರವಾಗಿ ಧೈರ್ಯ ಹೇಳಿದ್ರು, ಕೆಲವರಿಗೆ ಬರೀ ಬಂದದ್ದಕ್ಕೆ ಥ್ಯಾಂಕ್ಸ್ ಅಂತ ಹೇಳಿದ್ರು, ಕೆಲವರಿಗೆ ಫೋನೇ ಇಲ್ಲ. ಫೋನ್ ಹೋದ ಎರಡೂ ಗುಂಪಲ್ಲಿ ನೋವು, ಆತಂಕ ಕಮ್ಮಿ ಇತ್ತು, ಏನು ಮಾತಾಡಿದ್ರು ಅನ್ನೋದರಿಂದ ವ್ಯತ್ಯಾಸಾನೇ ಆಗ್ಲಿಲ್ಲ. ಯಾರೋ ನೆನಪಿಟ್ಕೊಂಡು ಕೇಳಿದ್ರು, ಅಷ್ಟೇ. ನಾನು ಅವತ್ತಿಂದ ರಾತ್ರಿ ಎಂಟರ ಹೊತ್ತಿಗೆ ಮಗೂಗೇ ಫೋನ್ ಮಾಡ್ತೀನಿ, ಅಮ್ಮಂಗಲ್ಲ. ನಿಮ್ಮ ಕ್ಲಿನಿಕ್‌ನಿಂದ ಫೋನ್ ಬರ್ದೇ ಇದ್ರೆ ಮಗೂಗೆ ಇಷ್ಟದ ಅತ್ತೆನೋ ಮಾಮನೋ ಮಾಡ್ಲಿ.

ಪ್ಲೇಟ್ ಹಾಕಿರೋ ಮಕ್ಕಳಿಗೆ ಮಾತು ತೊದಲತ್ತೆ, ಸ, ಶ, ಚ ಸರಿಯಾಗಿ ಬರಲ್ಲ, ಬಾಯಲ್ಲಿ ಜೊಲ್ಲು ತುಂಬ್ಕೊಳ್ಳತ್ತೆ. ದಿನಾ ಹತ್ತು ನಿಮಿಷ ಕನ್ನಡ ಪಾಠನೋ ಪದ್ಯನೋ ಗಟ್ಟಿಯಾಗಿ ಓದಿಸಿ, ಕೆಲವು ದಿನದಲ್ಲಿ ನಾಲಿಗೆ ದಾರಿ ಹುಡುಕ್ಕೊಳ್ಳತ್ತೆ. ಆ ವಾರ ಭಾಷಣ ಸ್ಪರ್ಧೆ, ಕಂಠಪಾಠ ಇದ್ರೆ ಪ್ಲೇಟ್ ಮುಂದಿನ ವಾರ ಹಾಕಿಸ್ಕೊಳ್ಳಿ. ಕ್ಲಾಸ್ ಟೀಚರ್‌ಗೆ ಒಂದು ಮಾತು ಹೇಳಿಡಿ, ಸ್ವಲ್ಪ ದಿನ ಎದ್ದು ನಿಲ್ಲಿಸಿ ಓದಿಸ್ಬೇಡಿ ಅಂತ. ಮೇಲೆ ಹೇಳಿದ ಹುಡುಗನಿಗೆ ಇದೊಂದು ಮಾಡಿದ್ರೆ ಸಾಕಿತ್ತು. ತಂತಿ ಚುಚ್ಚೋ ಕಡೆ ಹಚ್ಚೋ ಮೇಣದ ಡಬ್ಬಿ ಕಂಪಾಸ್ ಬಾಕ್ಸ್‌ನಲ್ಲಿ ಒಂದು ಇರ್ಲಿ.

ಹೆಜ್ಜೆ 5: ಕಾವಲು ಕಾಯ್ಬೇಡಿ, ಅಭ್ಯಾಸ ಕೂರಿಸಿ

ರಬ್ಬರ್ ಬ್ಯಾಂಡ್ ಅಂದ್ರೆ ಸಾಮಾನ್ಯವಾಗಿ ದಿನಕ್ಕೆ 20ರಿಂದ 22 ಗಂಟೆ, ಊಟಕ್ಕೆ ಮತ್ತೆ ಹಲ್ಲುಜ್ಜಕ್ಕೆ ಮಾತ್ರ ತೆಗೆಯೋದು. ರಾತ್ರಿ ಮಾತ್ರ ಹಾಕಿ ಹಗಲು ತೆಗೆದಿಟ್ರೆ ಹಲ್ಲು ರಾತ್ರಿ ಸ್ವಲ್ಪ ಬಂದು ಹಗಲು ವಾಪಸ್ ಹೋಗತ್ತೆ, ನೋವು ಮಾತ್ರ ಉಳಿಯತ್ತೆ. ಇದನ್ನ ಮಗೂಗೆ ಕಾರಣ ಸಮೇತ ಹೇಳಿ. "ಡಾಕ್ಟ್ರು ಹೇಳಿದ್ದಾರೆ" ಅನ್ನೋದು ಕಾರಣ ಅಲ್ಲ.

ಇಪ್ಪತ್ತೊಂದು ದಿನ ಮಾಡಿದ್ರೆ ಅಭ್ಯಾಸ ಆಗತ್ತೆ ಅಂತಾರಲ್ಲ, ಹಾಗೇನಿಲ್ಲ. ಲಂಡನ್‌ನಲ್ಲಿ ನಡೆದ ಸಂಶೋಧನೆಲಿ ಒಂದು ಹೊಸ ಅಭ್ಯಾಸ ತಾನಾಗೇ ಆಗಕ್ಕೆ ಮಧ್ಯಮ ಲೆಕ್ಕದಲ್ಲಿ 66 ದಿನ ಹಿಡೀತು, ಕೆಲವರಿಗೆ 18, ಕೆಲವರಿಗೆ 254. ಅದರಲ್ಲಿದ್ದೋರು ದೊಡ್ಡವರು. ಹಾಗಾಗಿ ಎರಡನೇ ವಾರ ಮಗು ಮರೆತ್ರೆ "ಇನ್ನೂ ಬುದ್ಧಿ ಬಂದಿಲ್ವಾ" ಅನ್ಬೇಡಿ, ಅದು ಇನ್ನೂ ದಾರಿಲಿದೆ. ಒಂದು ದಿನ ತಪ್ಪಿದ್ರೆ ಅಭ್ಯಾಸ ಕೆಡಲ್ಲ ಅಂತಾನೂ ಅದೇ ಸಂಶೋಧನೆಲಿ ಕಂಡಿತ್ತು.

ಮಾಡೋದು ಹೇಗೆ ಅಂದ್ರೆ, ಈಗಾಗ್ಲೇ ತಪ್ಪದೇ ನಡೆಯೋ ಕೆಲಸಕ್ಕೆ ಇದನ್ನ ಗಂಟು ಹಾಕಿ. ತಟ್ಟೆ ತೊಳೆದಿಟ್ಟ ತಕ್ಷಣ ಬಾಯಿ ಮುಕ್ಕಳಿಸಿ ಬ್ಯಾಂಡ್. ಪ್ಲೇಟ್ ಡಬ್ಬಿ ಊಟದ ತಟ್ಟೆ ಪಕ್ಕಾನೇ ಇರ್ಬೇಕು, ರೂಮಲ್ಲಲ್ಲ. ಸ್ಕೂಲಿಗೆ ಇನ್ನೊಂದು ಡಬ್ಬಿ ಊಟದ ಬ್ಯಾಗಲ್ಲಿ, ಯಾಕಂದ್ರೆ ಪ್ಲೇಟ್ ಕಳೆದು ಹೋಗೋದು ಬಹಳ ಸಲ ಒಂದೇ ಥರ, ಪೇಪರ್‌ನಲ್ಲಿ ಸುತ್ತಿ ಡೆಸ್ಕ್ ಮೇಲಿಟ್ಟಿದ್ದು ಕಸದಬುಟ್ಟಿಗೆ ಹೋಗತ್ತೆ.

ಬಣ್ಣ ಆರಿಸೋದು ಮಗೂಗೇ ಬಿಡಿ. ಪ್ರತಿ ಭೇಟಿಗೂ ಬ್ರ್ಯಾಕೆಟ್, ಅಂದ್ರೆ ಹಲ್ಲಿಗೆ ಅಂಟಿಸಿದ ಪುಟ್ಟ ತುಂಡಿನ ಸುತ್ತ ಹಾಕೋ ಸಣ್ಣ ರಬ್ಬರ್ ಬದಲಾಗತ್ತೆ, ನವೆಂಬರ್ ಬಂದ್ರೆ ಹಳದಿ ಕೆಂಪು ಕೇಳೋ ಮಕ್ಕಳು ನನ್ಹತ್ರ ಸುಮಾರು ಜನ ಇದ್ದಾರೆ. ಬಿಳಿ ಬೇಕು ಅನ್ನೋ ಅಮ್ಮಂದಿರಿಗೆ ಹೇಳ್ತೀನಿ, ನಮ್ಮ ಸಾರಿನ ಅರಿಶಿನಕ್ಕೆ ಅದು ಕೆಲವೇ ದಿನದಲ್ಲಿ ಹಳದಿ ಆಗತ್ತೆ. ಬಣ್ಣ ಚಿಕ್ಕ ವಿಷಯ ಅನ್ಸಬಹುದು, ಆದ್ರೆ ಮನಃಶಾಸ್ತ್ರಜ್ಞರಾದ ಡೆಸಿ ಮತ್ತು ರಯಾನ್ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದು, ಮನುಷ್ಯ ತಾನಾಗೇ ಒಂದು ಕೆಲಸಕ್ಕೆ ಕೈ ಹಾಕ್ಬೇಕಾದ್ರೆ ಇದು ನನ್ನ ತೀರ್ಮಾನ, ಇದು ನನ್ನ ಕೈಲಾಗತ್ತೆ, ಇವರು ನನ್ನವರು ಅನ್ನೋ ಮೂರು ಭಾವನೆ ಬೇಕು. "ಮುಗಿದ್ಮೇಲೆ ಫೋನ್ ಕೊಡಿಸ್ತೀನಿ" ಅನ್ನೋ ಲಂಚ ಈ ಮೂರನ್ನೂ ಕೊಡಲ್ಲ, ಜೊತೆಗೆ ಎರಡು ವರ್ಷ ದೂರದ ಫೋನ್ ಹದಿಮೂರರ ಮಗೂಗೆ ಇವತ್ತು ಸಂಜೆಯ ಬ್ಯಾಂಡ್ ನೆನಪಿಸಲ್ಲ. ಚಿಕ್ಕ ಮಕ್ಕಳಿಗೆ ಕ್ಯಾಲೆಂಡರ್‌ನಲ್ಲಿ ದಿನಾ ಒಂದು ಗುರುತು ಹಾಕಿಸಿ, ವಾರದ ಕೊನೆಗೆ ಅವರು ಹೇಳಿದ ಕಡೆ ಹೋಗ್ಬನ್ನಿ, ಅಷ್ಟು ಸಾಕು.

ಅಜ್ಜಿ ವಿಷಯ ಮರೆಯೋ ಹಾಗಿಲ್ಲ. "ಪಾಪ, ಮಗೂ ಎಷ್ಟು ಸೊರಗಿದೆ, ತೆಗೆದಿಡು ಬಂಗಾರ, ಅಮ್ಮಂಗೆ ನಾನು ಹೇಳ್ತೀನಿ." ಆ ಪ್ರೀತಿ ಎದುರು ನನ್ನ ಮಾತು ನಿಲ್ಲಲ್ಲ. ಅಜ್ಜೀನ ಒಂದು ಸಲ ಕ್ಲಿನಿಕ್‌ಗೆ ಕರ್ಕೊಂಡು ಬನ್ನಿ, ಯಾಕೆ ಮಾಡ್ತಿದೀವಿ ಅಂತ ಅವರಿಗೂ ತೋರಿಸ್ತೀವಿ. ಒಪ್ಪಿದ ಅಜ್ಜಿಗಿಂತ ಒಳ್ಳೇ ಸಹಾಯ ಮನೇಲಿ ಇನ್ಯಾರೂ ಮಾಡಲ್ಲ.

ಹೆಜ್ಜೆ 6: "ಹಾಕ್ತಾ ಇದೀನಿ" ಅಂತ ಸುಳ್ಳು ಹೇಳಿದಾಗ

ಪ್ಲೇಟ್ ಒಳಗೆ ಪುಟ್ಟ ಸೆನ್ಸರ್ ಇಟ್ಟು ಬಾಯಿ ಬಿಸಿಯಿಂದ ಎಷ್ಟು ಗಂಟೆ ಹಾಕಿದ್ರು ಅಂತ ಅಳೆದಿರೋ ಅಧ್ಯಯನಗಳು ಸಾಕಷ್ಟಿವೆ. ಸಾಮಾನ್ಯವಾಗಿ ಹೇಳಿದ ಗಂಟೆಗಿಂತ ಹಾಕಿದ ಗಂಟೆ ಕಮ್ಮಿನೇ. ಅಂದ್ರೆ ನಿಮ್ಮ ಮಗು ಒಂದೇ ಹೀಗೆ ಅಂತಲ್ಲ. ಸೆನ್ಸರ್ ಇಲ್ದೇನೂ ನಮಗೆ ಗೊತ್ತಾಗತ್ತೆ: ಮೂರು ತಿಂಗಳ ಪ್ಲೇಟ್ ಹೊಸದರ ಥರ ಹೊಳೀತಿದ್ರೆ, ಹಾಕ್ಕೊಳ್ಳಕ್ಕೆ ಕೈ ತಡಕಾಡಿದ್ರೆ, ಹಾಕ್ಕೊಂಡು ಮಾತಾಡು ಅಂದ್ರೆ ಇನ್ನೂ ತೊದಲಿದ್ರೆ.

ಗೊತ್ತಾದಾಗ ಹಿಡಿದ್ಹಾಕೋದು ಸುಲಭ, ಆದ್ರೆ ಹಿಡಿದ್ಹಾಕಿದ್ರೆ ಮುಂದಿನ ಸಲ ಇನ್ನೂ ಜಾಣ ಸುಳ್ಳು ಬರತ್ತೆ. "ಹಾಕಿದ್ಯಾ ಇಲ್ವಾ" ಅನ್ನೋ ಪ್ರಶ್ನೆಗೆ ಹೂಂ ಅನ್ನೋದೊಂದೇ ಉತ್ತರ. ಅದರ ಬದಲು "ನಿನ್ನೆ ಯಾವ ಹೊತ್ತಲ್ಲಿ ಹಾಕ್ಕೊಳ್ಳೋದು ಕಷ್ಟ ಆಯ್ತು" ಅಂತ ಕೇಳಿ. "ಪಿಟಿ ಪೀರಿಯಡ್‌ನಲ್ಲಿ", "ಟ್ಯೂಷನ್‌ನಲ್ಲಿ ಅವನು ನಗ್ತಾನೆ", "ರಾತ್ರಿ ತಾನಾಗೇ ಬಿದ್ದೋಗತ್ತೆ", ಇಂಥ ಉತ್ತರ ಬಂದ್ರೆ ಅದಕ್ಕೆ ಏನಾದ್ರೂ ಮಾಡ್ಬಹುದು. ಬಹಳ ಸಲ ಪ್ಲೇಟೇ ಸಡಿಲ ಆಗಿರತ್ತೆ ಅಥವಾ ಒಂದು ಕಡೆ ಒಸಡಿಗೆ ಚುಚ್ತಿರತ್ತೆ, ಎರಡು ನಿಮಿಷದ ಕೆಲಸ ಅದು. ಅಪ್ಪ ಅಮ್ಮನ ಮುಂದೆ ಹೇಳಲಾಗದ್ದು ಇರತ್ತೆ, ಪ್ರತಿ ಭೇಟಿಲೂ ಐದು ನಿಮಿಷ ಮಗೂನ ಡಾಕ್ಟರ್ ಜೊತೆ, ಸಹಾಯಕಿ ಇರೋ ಹಾಗೆ, ಮಾತಾಡಕ್ಕೆ ಬಿಟ್ಟು ನೀವು ಹೊರಗೆ ಕೂತ್ಕೊಳ್ಳಿ.

ಹೆಜ್ಜೆ 7: ನಡುವಿನ ಬೇಸರ, ಮುರಿದ ಬ್ರ್ಯಾಕೆಟ್

ಎಂಟು ಹತ್ತು ತಿಂಗಳಾದ್ಮೇಲೆ ಎಲ್ಲಾ ಮಕ್ಕಳಿಗೂ ಸಾಕಾಗತ್ತೆ. ಮುಂದಿನ ಹಲ್ಲು ನೋಡಕ್ಕೆ ಸರಿಯಾಗಿರತ್ತೆ, ಕಚ್ಚೋ ಹೊಂದಾಣಿಕೆ ಇನ್ನೂ ಬಾಕಿ ಇರತ್ತೆ, "ಸರಿ ಹೋಯ್ತಲ್ಲ, ತೆಗೀರಿ" ಅಂತಾರೆ. ಮೊದಲ ದಿನದ ಫೋಟೋನ, ಪ್ಲಾಸ್ಟರ್ ಅಚ್ಚನ್ನ ಆಗ ಕೈಗೆ ಕೊಡಿ, ಎಷ್ಟು ಬಂದಿದೀವಿ, ಇನ್ನೆಷ್ಟಿದೆ ಅಂತ ಅವರೇ ನೋಡ್ಲಿ.

ಸಂಕ್ರಾಂತಿ ಬಂತು ಅಂದ್ರೆ ನಮ್ಮ ಕ್ಲಿನಿಕ್‌ನಲ್ಲಿ ಬ್ರ್ಯಾಕೆಟ್ ಬಿದ್ದ ಮಕ್ಕಳ ಸಾಲು. ಕಬ್ಬು, ಒಣಕೊಬ್ಬರಿ ಚೂರು, ಕಡ್ಲೆಬೀಜ, ಸಕ್ಕರೆ ಅಚ್ಚು, ಆ ತಟ್ಟೆಲಿರೋದೆಲ್ಲಾ ಕ್ಲಿಪ್‌ಗೆ ಆಗದ್ದೇ. ಹಬ್ಬದ ದಿನ ಮಗೂನ ಬರೀ ನೋಡ್ಕೊಂಡಿರು ಅನ್ನೋದು ಸರಿಯಲ್ಲ, ಎಳ್ಳುಬೆಲ್ಲ ಕುಟ್ಟಿ ಪುಡಿ ಮಾಡಿ ಕೊಡಿ, ಕಬ್ಬಿನ ಹಾಲು ಕುಡಿಸಿ, ಆಮೇಲೆ ಉಜ್ಜಿಸಿ. ಚಕ್ಲಿ ಕೋಡುಬಳೆ ಕಚ್ಚೋದು ಬೇಡ, ಸೀಬೆಹಣ್ಣು ತೆಳ್ಳಗೆ ಹೆಚ್ಚಿ. ಆದ್ರೂ ಮುರಿದ್ರೆ ಬೈಗುಳ ಬೇಡ, "ಏನು ತಿಂದಾಗ ಬಿತ್ತು" ಅಂತ ಕೇಳಿ ಫೋನ್ ಮಾಡಿ ಸಾಕು. ಬೈದ ಮನೇಲಿ ಮಗು ಬಿದ್ದ ಬ್ರ್ಯಾಕೆಟ್ ಮುಚ್ಚಿಟ್ಕೊಂಡು ತಿಂಗಳು ಕಳೆಯತ್ತೆ, ಆ ತಿಂಗಳು ವ್ಯರ್ಥ.

ಉಜ್ಜೋದರ ಬಗ್ಗೆ ಮಾತ್ರ ನಾನು ಗಟ್ಟಿ. ಕೊಳೆ ಹಾಗೇ ನಿಂತ್ರೆ ಒಂದೇ ತಿಂಗಳಲ್ಲಿ ಬ್ರ್ಯಾಕೆಟ್ ಸುತ್ತ ಬಿಳಿ ಕಲೆ ಶುರು ಆಗ್ಬಹುದು, ಅದು ಹುಳುಕಿನ ಮೊದಲ ಗುರುತು. ಕೊಳೆಗೆ ಬಣ್ಣ ಹಚ್ಚೋ ಮಾತ್ರೆ ಸಿಗತ್ತೆ, ವಾರಕ್ಕೊಂದು ಸಲ ಅಗಿಸಿ ಕನ್ನಡಿ ಮುಂದೆ ನಿಲ್ಲಿಸಿ, ಎಲ್ಲಿ ಬಿಟ್ಟಿದೆ ಅಂತ ಬಣ್ಣಾನೇ ಹೇಳತ್ತೆ, ನೀವು ಬಾಯಿ ತೆರೆಯೋ ಕೆಲಸ ಇಲ್ಲ.

ಹೆಜ್ಜೆ 8: ಹಲ್ಲಿನ ವಿಷಯ ಅಲ್ಲ ಅನ್ನಿಸಿದಾಗ

ಚೆನ್ನಾಗಿ ಸಹಕರಿಸ್ತಿದ್ದ ಮಗು ಇದ್ದಕ್ಕಿದ್ದ ಹಾಗೆ ಉಜ್ಜೋದು ಬಿಟ್ರೆ, ಅಪಾಯಿಂಟ್‌ಮೆಂಟ್ ಬೇಡ ಅಂದ್ರೆ, ಜೊತೆಗೆ ಊಟ ನಿದ್ದೆ ಕೆಟ್ಟು ಮಾತು ಕಮ್ಮಿ ಆಗಿದ್ರೆ, ಅದು ಕ್ಲಿಪ್ ಸಮಸ್ಯೆ ಅಲ್ಲ. ಸ್ಕೂಲಲ್ಲಿ ಕಾಟ, ಓದಿನ ಒತ್ತಡ, ಮನೆ ಜಗಳ, ಖಿನ್ನತೆ ಏನೂ ಇರ್ಬಹುದು. ಆಗ ಹಲ್ಲು ಕಾಯಲಿ, ಮಗೂನ ಮೊದಲು ನೋಡಿ, ಬೇಕಾದ್ರೆ ಮಕ್ಕಳ ಮನೋವೈದ್ಯರ ಹತ್ರ ಹೋಗಿ. ಒಂದು ಕಡೆ ಗಮನ ನಿಲ್ಲದ, ಎಲ್ಲಾನೂ ಮರೆಯೋ ಮಕ್ಕಳಿಗೆ ತೆಗೆದು ಹಾಕೋ ಪ್ಲೇಟ್‌ಗಿಂತ ಅಂಟಿಸಿದ ಸಾಧನ ಸಾಧ್ಯಾನಾ ಅಂತ ಕೇಳಿ. ಎಷ್ಟು ಮಾಡಿದ್ರೂ ಉಜ್ಜೋದು ಆಗ್ತಿಲ್ಲ ಅಂದ್ರೆ ಕ್ಲಿಪ್ ತೆಗೆಸೋದೇ ಸರಿ, ನಾನು ತೆಗೆದಿದೀನಿ. ಹುಳುಕಾದ ನೇರ ಹಲ್ಲಿಗಿಂತ ಗಟ್ಟಿಯಾದ ವಕ್ರ ಹಲ್ಲು ಮೇಲು, ಮತ್ತೆ ಮನಸ್ಸಾದಾಗ ಬರ್ಬಹುದು. ಅವತ್ತು ಮಗೂಗೆ "ನಿನ್ನಿಂದ ಆಗ್ಲಿಲ್ಲ" ಅನ್ನಿಸದ ಹಾಗೆ ಕಳಿಸಿ.

ಹೆಜ್ಜೆ 9: ಕ್ಲಿಪ್ ತೆಗೆದ ದಿನ

ಎಲ್ಲರೂ ಸ್ವೀಟ್ ಹಂಚೋ ದಿನ, ಆದ್ರೆ ರಿಟೇನರ್, ಅಂದ್ರೆ ಹಲ್ಲನ್ನ ಹೊಸ ಜಾಗದಲ್ಲೇ ಹಿಡಿದಿಡೋ ಸಾಧನ, ಶುರು ಆಗೋದೂ ಅವತ್ತೇ. ಹಲ್ಲು ಹಳೇ ಜಾಗಕ್ಕೆ ಹೋಗಕ್ಕೆ ನೋಡತ್ತೆ, ಮೊದಲ ತಿಂಗಳುಗಳಲ್ಲಿ ಜಾಸ್ತಿ. ಇದನ್ನ ಕೊನೇ ದಿನ ಹೇಳಿದ್ರೆ ಮಗೂಗೆ ಮೋಸ ಆದ ಹಾಗಿರತ್ತೆ, ಮೊದಲ ಭೇಟಿಲೇ ಹೇಳಿಸ್ಬೇಕು. ಬಿಸಿನೀರಲ್ಲಿ ತೊಳೆದ್ರೆ ರಿಟೇನರ್ ಸೊಟ್ಟ ಆಗತ್ತೆ, ತಣ್ಣೀರೇ ಸಾಕು.

ನಮ್ಮಲ್ಲಿ ಕ್ಲಿಪ್ ಮುಗಿಯೋ ಹೊತ್ತಿಗೆ ಎಷ್ಟೋ ಮಕ್ಕಳು ಪಿಯುಸಿಗೆ ಅಂತ ಮಂಗಳೂರು, ಮೂಡುಬಿದಿರೆ ಕಡೆ ಹಾಸ್ಟೆಲ್‌ಗೆ ಹೊರಡ್ತಾರೆ. ಆಗ ನೀವಿಲ್ಲ, ಅಜ್ಜಿ ಇಲ್ಲ, ನಾನೂ ಇಲ್ಲ. ಎರಡು ಜೊತೆ ರಿಟೇನರ್ ಮಾಡಿಸ್ಕೊಳ್ಳಿ, ಒಂದು ಮನೇಲಿರ್ಲಿ. ಇನ್ನೊಂದನ್ನ ನೀವು ಪ್ಯಾಕ್ ಮಾಡ್ಬೇಡಿ, ಡಬ್ಬಿ ಟ್ರಂಕ್‌ನಲ್ಲಿ ಎಲ್ಲಿಡ್ಬೇಕು ಅಂತ ಮಗೂನೇ ನೋಡಿ ಇಟ್ಕೊಳ್ಳಲಿ.